ಒಂದೇ ಸೈಕಲ್, ಎರಡು ಶಾಲೆ: ನನಗೆ ಫೆಲೋಶಿಪ್ ಸಿಕ್ಕ ಕಥೆ

ಪತ್ರಕರ್ತರಿಗೆ ಹಣ ಕೊಡುವ ಫೆಲೋಶಿಪ್‌ಗಳಿಗೆ ನಾನು ಒಟ್ಟು ಐದು ಸಲ ಅರ್ಜಿ ಹಾಕಿದ್ದೆ. ನಾಲ್ಕು ಸಲ ಎರಡು ಸಾಲಿನ ಮೇಲ್ ಬಂತು. ವಿಷಾದ, ಶುಭಾಶಯ, ಅಷ್ಟೇ. ಐದನೆಯದು ಸಿಕ್ಕಿತು. ಆ ನಾಲ್ಕು ಅರ್ಜಿಗಳನ್ನು ಈಗ ತೆಗೆದು ಓದಿದರೆ ನನಗೇ ನಗು ಬರುತ್ತದೆ. ಇಂಥದಕ್ಕೆ ಯಾರು ದುಡ್ಡು ಕೊಡ್ತಾರೆ?

ಮೊದಲ ಎರಡರಲ್ಲಿ ನಾನು ತಟ್ಟಿದ ಬಾಗಿಲೇ ತಪ್ಪು. ಫೆಲೋಶಿಪ್ ಅಂದರೆ ಎಲ್ಲವೂ ಒಂದೇ ಅಂದುಕೊಂಡಿದ್ದೆ. ಹಾಗಲ್ಲ. ಕೆಲವು ಕೆಲಸದಿಂದ ಬಿಡುವು ಕೊಟ್ಟು ಓದಲು ಕರೆಯುತ್ತವೆ. ಹಾರ್ವರ್ಡ್‌ನ ನೀಮನ್ ಫೆಲೋಶಿಪ್ 1938ರಿಂದ ನಡೆಯುತ್ತಿರುವುದು ಹೀಗೆಯೇ. ಅದಕ್ಕೆ ಕನಿಷ್ಠ 5 ವರ್ಷದ ಪೂರ್ಣಾವಧಿ ಅನುಭವ ಬೇಕು. ಕೆಲವು ಹೊಸಬರನ್ನು ಬೇರೆ ನ್ಯೂಸ್‌ರೂಮ್‌ನಲ್ಲಿ ಕೂರಿಸಿ ಕೆಲಸ ಕಲಿಸುತ್ತವೆ. 1984ರಲ್ಲಿ ಶುರುವಾದ ಆಲ್ಫ್ರೆಡ್ ಫ್ರೆಂಡ್ಲಿ ಫೆಲೋಶಿಪ್ ಆ ಬಗೆಯದು. ಮೂರನೆಯ ಬಗೆ ಒಂದು ನಿರ್ದಿಷ್ಟ ವರದಿಗೆ ಹಣ ಕೊಡುತ್ತದೆ, ಜೊತೆಗೊಬ್ಬ ಹಿರಿಯ ಪತ್ರಕರ್ತರನ್ನೂ ಕೊಡುತ್ತದೆ. ನನಗೆ ಬೇಕಿದ್ದದ್ದು ಈ ಮೂರನೆಯದು. ಎರಡೂವರೆ ವರ್ಷದ ಅನುಭವ ಇಟ್ಟುಕೊಂಡು ನಾನು ಅರ್ಜಿ ಹಾಕಿದ್ದು ಮೊದಲನೆಯ ಬಗೆಗೆ. ಅರ್ಹತೆಯ ಸಾಲನ್ನು ಸರಿಯಾಗಿ ಓದಿಯೇ ಇರಲಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಸಲ ಬಾಗಿಲು ಸರಿ ಇತ್ತು, ಕೈಯಲ್ಲಿ ಕಥೆ ಇರಲಿಲ್ಲ. "ಸರ್ಕಾರಿ ಶಾಲೆಗಳ ದುರಸ್ತಿಯಲ್ಲಿ ಭ್ರಷ್ಟಾಚಾರ" ಎಂದು ಬರೆದಿದ್ದೆ. ಅದು ವಿಷಯ, ಕಥೆ ಅಲ್ಲ. ಯಾವ ಶಾಲೆ, ಯಾವ ಬಿಲ್, ಯಾರು ಸಹಿ ಹಾಕಿದ್ದು ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ಹಣ ಸಿಕ್ಕ ಮೇಲೆ ಹುಡುಕುತ್ತೇನೆ ಎಂಬ ಲೆಕ್ಕಾಚಾರ. ಅವರ ಕಡೆಯಿಂದ ಯೋಚಿಸಿ ನೋಡಿ. ನೂರಾರು ಅರ್ಜಿಗಳ ನಡುವೆ ಇದನ್ನು ಯಾಕೆ ಎತ್ತಿಕೊಳ್ಳಬೇಕು?

ಐದನೆಯ ಅರ್ಜಿ ಹುಟ್ಟಿದ್ದು ಒಂದು ಸೈಕಲ್‌ನಿಂದ.

ದುರಸ್ತಿ ಮುಗಿದ ಶಾಲೆಗಳ ವರದಿಗಳನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿದ್ದರು. ಒಂದೊಂದಕ್ಕೂ ಫೋಟೋ ಲಗತ್ತಿಸಿದ್ದರು. ರಾತ್ರಿ ಹೊತ್ತು ಸುಮ್ನೆ ಒಂದೊಂದೇ ತೆರೆದು ನೋಡುತ್ತಿದ್ದೆ. ಹೊಸ ಬಣ್ಣದ ಗೋಡೆ, ಅದಕ್ಕೆ ಒರಗಿಸಿದ ಒಂದು ಸೈಕಲ್, ಸೀಟಿನ ಮೇಲೆ ಕಟ್ಟಿದ ಪ್ಲಾಸ್ಟಿಕ್ ಚೀಲ. ಹತ್ತಾರು ವರದಿ ದಾಟಿದ ಮೇಲೆ ಬೇರೊಂದು ಶಾಲೆಯ ಫೈಲ್‌ನಲ್ಲಿ ಅದೇ ಸೈಕಲ್, ಅದೇ ಚೀಲ. ಎರಡೂ ಫೋಟೋಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಒಂದೇ ಗೋಡೆ! ಆ ವಾರವಿಡೀ ಹುಡುಕಿದಾಗ ಇಂಥ ಮರುಬಳಕೆಯ ಫೋಟೋ ಇರುವ 23 ಶಾಲೆಗಳು ಸಿಕ್ಕವು.

ಅರ್ಜಿಯ ಮೊದಲ ಪ್ಯಾರಾದಲ್ಲಿ ಇದನ್ನೇ ಬರೆದೆ. ಸೈಕಲ್ ಬಗ್ಗೆ, 23 ಫೈಲ್‌ಗಳ ಬಗ್ಗೆ, ಅವುಗಳ ಮೇಲಿನ ಸಹಿಗಳ ಬಗ್ಗೆ. ಆಮೇಲೆ ಎರಡು ಭಾಗ ಮಾಡಿದೆ. ಇನ್ನೇನೂ ಸಿಗದಿದ್ದರೂ ಖಂಡಿತ ಬರೆಯಬಹುದಾದ ಕಥೆ ಯಾವುದು? ಒಂದೇ ಫೋಟೋ ತೋರಿಸಿ ಹಲವು ಬಿಲ್ ಪಾಸಾಗಿವೆ ಎಂಬುದು. ಎಲ್ಲವೂ ಕೂಡಿಬಂದರೆ ಸಿಗುವ ದೊಡ್ಡ ಕಥೆ ಯಾವುದು? ಹಣ ಯಾರ ಕೈ ಸೇರಿತು ಎಂಬುದು. ತನಿಖಾ ಪತ್ರಕರ್ತರು ಇದನ್ನು ಮಿನಿಮಮ್ ಸ್ಟೋರಿ, ಮ್ಯಾಕ್ಸಿಮಮ್ ಸ್ಟೋರಿ ಎನ್ನುತ್ತಾರೆ. ಹಣ ಕೊಡುವವರಿಗೆ ಮಿನಿಮಮ್ ಜಾಸ್ತಿ ಮುಖ್ಯ ಅಂತ ನನಗೆ ಆಮೇಲೆ ಗೊತ್ತಾಯಿತು.

ನಿಜವಾಗಿ ಬೆವರಿಳಿಸಿದ್ದು ಅರ್ಜಿ ಅಲ್ಲ, ಪ್ರಕಟಣೆಯ ಒಪ್ಪಿಗೆ ಪತ್ರ. ನೀವು ಯಾವ ಪತ್ರಿಕೆಯ ನೌಕರಿಯಲ್ಲೂ ಇಲ್ಲದ ಫ್ರೀಲಾನ್ಸರ್ ಆಗಿದ್ದರೆ, ವರದಿ ಬಂದರೆ ಪ್ರಕಟಿಸುತ್ತೇವೆ ಎಂದು ಒಬ್ಬ ಸಂಪಾದಕರು ಬರೆದುಕೊಡಬೇಕು. ಮೂವರು "ಮೊದಲು ಬರೆದ ಕಾಪಿ ತಂದು ತೋರಿಸಿ" ಎಂದರು. ಕಾಪಿ ಮಾಡಲು ಹಣ ಬೇಕು, ಹಣಕ್ಕೆ ಪತ್ರ ಬೇಕು, ಪತ್ರಕ್ಕೆ ಕಾಪಿ ಬೇಕು. ನಾಲ್ಕನೆಯವರಿಗೆ ಮಾತಾಡದೆ ಎರಡು ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಪತ್ರ ಬಂತು.

ಬಜೆಟ್‌ನಲ್ಲಿ ಓಡಾಟ, ವಸತಿ, ದಾಖಲೆಗಳ ನಕಲು ಎಲ್ಲ ಬರೆದಿದ್ದೆ. ವಕೀಲರನ್ನು ಮರೆತಿದ್ದೆ. ಇಂಥ ವರದಿಯನ್ನು ಪ್ರಕಟಣೆಗೆ ಮುಂಚೆ ಒಬ್ಬ ವಕೀಲರು ಓದಲೇಬೇಕು, ಅದು ಪುಕ್ಕಟೆ ಆಗುವುದಿಲ್ಲ. ವೇಳಾಪಟ್ಟಿಯಲ್ಲೂ ಎಡವಿದೆ. ಮಾಹಿತಿ ಹಕ್ಕಿನಡಿ ಸರ್ಕಾರವನ್ನು ಮಾಹಿತಿ ಕೇಳಿದರೆ ಉತ್ತರಕ್ಕೆ ಕಾನೂನು ಕೊಡುವ ಗಡುವು ಭಾರತದಲ್ಲಿ 30 ದಿನ, ಬ್ರಿಟನ್ ಮತ್ತು ಅಮೆರಿಕದಲ್ಲಿ 20 ಕೆಲಸದ ದಿನ. ಅದು ಕಾಗದದ ಮೇಲಿನ ಮಾತು. ಮೇಲ್ಮನವಿಗೆ ಹೋದರೆ ಆರು ತಿಂಗಳ ಫೆಲೋಶಿಪ್ ಅಲ್ಲಿಯೇ ಕರಗಿಹೋಗುತ್ತದೆ. ಹಾಗಾಗಿ ಫೆಲೋಶಿಪ್ ಅರ್ಜಿಯ ಫಲಿತಾಂಶಕ್ಕೆ ಕಾಯದೆ, ಅದನ್ನು ಕಳಿಸಿದ ದಿನವೇ ಮಾಹಿತಿಯನ್ನೂ ಕೇಳಿಬಿಟ್ಟೆ. ನಾನು ಮಾಡಿದ ಒಂದೇ ಜಾಣತನ ಅದು.

ಹಣ ದೊಡ್ಡದೇನೂ ಅಲ್ಲ. ದೊಡ್ಡದಾಗಿರಲೇಬೇಕು ಅಂತಲೂ ಇಲ್ಲ. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರು ನಡೆಸಿದ ಮೈ ಲಾಯ್ ಹತ್ಯಾಕಾಂಡವನ್ನು 1969ರಲ್ಲಿ ಹೊರತಂದಾಗ ಅಮೆರಿಕದ ಪತ್ರಕರ್ತ ಸೇಮೋರ್ ಹರ್ಷ್ ಫ್ರೀಲಾನ್ಸರ್. ಫಂಡ್ ಫಾರ್ ಇನ್ವೆಸ್ಟಿಗೇಟಿವ್ ಜರ್ನಲಿಸಂ ಎಂಬ ಸಂಸ್ಥೆ ಆಗತಾನೇ ಹುಟ್ಟಿತ್ತು. ಸುಳಿವಿನ ಬೆನ್ನು ಹತ್ತಲು ಅದು ಅವರಿಗೆ ಮೊದಲು ಕೊಟ್ಟದ್ದು 250 ಡಾಲರ್. ಕೆಲಸ ಮುಗಿಸಲು ಆಮೇಲೆ 2,000 ಡಾಲರ್. ಮರುವರ್ಷ ಅವರಿಗೆ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. ನನ್ನ ಶಾಲೆ ಗೋಡೆ ಎಲ್ಲಿ, ಅದೆಲ್ಲಿ! ಆದರೂ ಬಸ್ಸಿನಲ್ಲಿ ಕೂತಾಗ ಆ 250 ನೆನಪಾಗುತ್ತಿತ್ತು.

ಮೂರನೆಯ ತಿಂಗಳಲ್ಲಿ ಕಥೆ ಕುಸಿಯಿತು. ಶಾಲೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೆ. ಮೊದಲ ಐದರಲ್ಲಿ ನಾಲ್ಕು ಕಡೆ ದುರಸ್ತಿ ನಿಜಕ್ಕೂ ಆಗಿತ್ತು. ಚೆನ್ನಾಗಿಯೇ ಆಗಿತ್ತು. ಕಚೇರಿಯ ಗುಮಾಸ್ತರೊಬ್ಬರು ಸಂಕೋಚಪಡದೆ ಹೇಳಿದರು: "ಫೋಟೋ ಇಲ್ಲದಿದ್ದರೆ ಫೈಲ್ ಮುಂದೆ ಹೋಗಲ್ಲ. ಕೈಯಲ್ಲಿದ್ದ ಫೋಟೋ ಹಾಕಿದೆ." ನನ್ನ ಮಿನಿಮಮ್ ಸ್ಟೋರಿಯಲ್ಲೇ ಅರ್ಧ ಸೋರಿಹೋಯಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಫೆಲೋಶಿಪ್ ವಾಪಸ್ ಕೇಳ್ತಾರೆ ಅಂತ ಭಯ.

ಕೊನೆಗೆ ಫೆಲೋಶಿಪ್ ಕಡೆಯಿಂದ ನನಗೆ ಗೊತ್ತು ಮಾಡಿದ್ದ ಹಿರಿಯ ಪತ್ರಕರ್ತೆಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇನ್ನೂ 18 ಉಳಿದಿವೆ, ಅಲ್ವಾ?" ಸ್ಯಾಂಪಲ್ ಸಾಕು ಅಂದುಕೊಂಡಿದ್ದವನು 23ಕ್ಕೂ ಹೋದೆ. 14ರಲ್ಲಿ ಕೆಲಸ ಆಗಿತ್ತು, 9ರಲ್ಲಿ ಆಗಿರಲಿಲ್ಲ. ಆ 9ರಲ್ಲಿ 6 ಒಬ್ಬನೇ ಗುತ್ತಿಗೆದಾರನವು. ಮೊದಲ ಐದನ್ನೇ ನಂಬಿ ಬರೆದಿದ್ದರೆ ಕಥೆಯೇ ಇಲ್ಲ ಎನ್ನುತ್ತಿದ್ದೆ. ಬರೀ ಫೋಟೋ ನಂಬಿ ಬರೆದಿದ್ದರೆ 14 ಶಾಲೆಗಳ ಮೇಲೆ ಸುಳ್ಳು ಹೊರಿಸುತ್ತಿದ್ದೆ. ಸಾಮಾನ್ಯ ಡ್ಯೂಟಿಯಲ್ಲಿ ಯಾವ ಪತ್ರಿಕೆಯೂ ನನ್ನನ್ನು 23 ಕಡೆ ಕಳಿಸುತ್ತಿರಲಿಲ್ಲ. ಆ ದಿನಗಳನ್ನೇ ಫೆಲೋಶಿಪ್ ಕೊಂಡುಕೊಟ್ಟಿದ್ದು.

ಬರೆದ ಮೇಲೆ ಇನ್ನೊಂದು ಗಾಣ, ಸಾಲು ಸಾಲಾಗಿ ಸತ್ಯಾಂಶದ ಪರಿಶೀಲನೆ. ಪ್ರತಿ ವಾಕ್ಯಕ್ಕೂ ನಂಬರ್, ಪಕ್ಕದಲ್ಲಿ ಪುರಾವೆ. "ಸಾಲು 63: ಗುತ್ತಿಗೆದಾರ ಶಾಲೆಗೆ ಕಾಲೇ ಇಟ್ಟಿಲ್ಲ. ನಿನಗೆ ಹೇಗೆ ಗೊತ್ತು?" ಗೊತ್ತಿರಲಿಲ್ಲ. ಆ ಸಾಲು "ಯಾರೂ ಬಂದದ್ದನ್ನು ನೋಡಿಲ್ಲ ಎಂದು ಮುಖ್ಯ ಶಿಕ್ಷಕಿ ಮತ್ತು ಇಬ್ಬರು ಪೋಷಕರು ಹೇಳಿದರು" ಎಂದಾಯಿತು. ಇಂಥ ನಲವತ್ತು ಸಾಲು ಸತ್ತವು. ಆಗ ಸಿಟ್ಟು ಬಂದಿತ್ತು. ವಕೀಲರು ಓದಿದಾಗ ಮೂರೇ ಜಾಗದಲ್ಲಿ ಪೆನ್ಸಿಲ್ ಆಡಿಸಿದರು. ಅವರ ಫೀಸು ಬಜೆಟ್‌ನಲ್ಲಿ ಇರಲಿಲ್ಲ ಎಂದು ಹೇಳಿಕೊಂಡಾಗ ಫೆಲೋಶಿಪ್‌ನವರು ಹೆಚ್ಚು ಮಾತಿಲ್ಲದೆ ಕೊಟ್ಟರು, ಒಂದು ತಿಂಗಳ ಕಾಲಾವಕಾಶವನ್ನೂ ಸೇರಿಸಿ.

ಪ್ರಕಟಣೆಗೆ ಹತ್ತು ದಿನ ಮುಂಚೆ ಗುತ್ತಿಗೆದಾರನಿಗೆ ಪ್ರಶ್ನೆಗಳನ್ನು ಬರೆದು ಕಳಿಸಿದೆ. ನಮ್ಮಲ್ಲಿ ಏನೇನು ಆರೋಪ ಇದೆ ಎಂದು ಪೂರ್ತಿ ತಿಳಿಸಿ, ಅವನ ಮಾತನ್ನೂ ಕೇಳಬೇಕು ಎಂಬುದು ನಿಯಮ. ಒಂಬತ್ತು ದಿನ ಉತ್ತರವಿಲ್ಲ. ಹತ್ತನೆಯ ದಿನ ಸಂಜೆ ಉದ್ದದ ಮೇಲ್ ಬಂತು. ಆರೂ ಶಾಲೆಗಳ ಕೆಲಸ ಪೂರ್ತಿ ಆಗಿದೆ, ಪುರಾವೆಗೆ ಹೊಸದಾಗಿ ತೆಗೆದ ಫೋಟೋಗಳು ಜೊತೆಗಿವೆ ಎಂದು ಬರೆದಿದ್ದ. ಒಂದೊಂದೇ ತೆರೆದೆ. ನಾಲ್ಕನೆಯ ಫೋಟೋದಲ್ಲಿ, ಗೋಡೆಯ ಎಡ ಅಂಚಿನಲ್ಲಿ, ಸೀಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ ಸೈಕಲ್ ನಿಂತಿತ್ತು.