ಆಫೀಸಿನ ಟ್ಯಾಲಿ ಮನೆಯಲ್ಲಿ ತೆರೆಯಬೇಕೆ? ನಿಮ್ಮದೇ ವಿಪಿಎನ್ ಹೀಗೆ ಹಾಕಿಕೊಳ್ಳಿ

ತಿಂಗಳ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-3ಬಿ) ಸಲ್ಲಿಸುವ 20ನೇ ತಾರೀಕು ಹತ್ತಿರ ಬಂತೆಂದರೆ ಆಡಿಟರ್ ಕಚೇರಿಗಳಲ್ಲಿ ಕೆಲಸ ರಾತ್ರಿಯವರೆಗೂ ಎಳೆಯುತ್ತದೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇರುವುದು ಆಫೀಸಿನ ಕಂಪ್ಯೂಟರ್‌ನಲ್ಲಿ, ಕೆಲಸ ಮುಗಿಸಬೇಕಾದವರು ಮನೆಯಲ್ಲಿ. ಇದಕ್ಕೆ ಹಲವು ಕಡೆ ಒಂದು ಸುಲಭದ ಏರ್ಪಾಡು ಮಾಡಿಕೊಂಡಿರುತ್ತಾರೆ: ರೂಟರ್‌ನಲ್ಲಿ 3389 ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ತೆರೆದು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಇಂಟರ್‌ನೆಟ್ಟಿಗೆ ಬಿಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಹೀಗೆ ತೆರೆದಿಟ್ಟ ಪೋರ್ಟ್‌ಗಳನ್ನು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ಪಾಸ್‌ವರ್ಡ್ ಊಹಿಸಿ ಒಳನುಗ್ಗಿ, ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಗುಂಪುಗಳಿಗೆ ಇದು ಬಹಳ ಪರಿಚಿತ ದಾರಿ. ನಿಮ್ಮ ಗ್ರಾಹಕರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇರುವುದು ಅದೇ ಕಂಪ್ಯೂಟರ್‌ನಲ್ಲಿ.

ಇದರ ಬದಲು ಆಫೀಸಿನಲ್ಲೇ ವೈರ್‌ಗಾರ್ಡ್ ವಿಪಿಎನ್ ಹಾಕಿಕೊಳ್ಳಿ. ವಿಪಿಎನ್ ಎಂದರೆ ಮನೆಯ ಲ್ಯಾಪ್‌ಟಾಪ್‌ನಿಂದ ಆಫೀಸಿನ ನೆಟ್‌ವರ್ಕ್‌ಗೆ ಇಂಟರ್‌ನೆಟ್ ಮೂಲಕ ಹಾಕಿದ ಗುಪ್ತ ಸುರಂಗವಿದ್ದಂತೆ. ವೈರ್‌ಗಾರ್ಡ್ ಉಚಿತ, ಅದರ ಕೋಡ್ ಮುಕ್ತ. 2020ರಿಂದ ಲಿನಕ್ಸ್ ಕರ್ನೆಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಭಾಗವೇ ಆಗಿದೆ. ಇದರಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಇಲ್ಲ. ಪ್ರತಿ ಸಾಧನಕ್ಕೂ ಒಂದು ಜೊತೆ ಕೀ ಇರುತ್ತದೆ: ಗುಟ್ಟಾಗಿಡಬೇಕಾದ ಪ್ರೈವೇಟ್ ಕೀ, ಬೇರೆಯವರಿಗೆ ಕೊಡಬಹುದಾದ ಪಬ್ಲಿಕ್ ಕೀ. ಸರಿಯಾದ ಕೀ ಇಲ್ಲದವರು ಕೇಳಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಪೋರ್ಟ್ ಹುಡುಕುವವರಿಗೆ ಅಲ್ಲೊಂದು ವಿಪಿಎನ್ ಇದೆಯೆಂಬ ಸುಳಿವೂ ಸಿಗುವುದಿಲ್ಲ.

ಇದು ಕಾನೂನಿಗೆ ವಿರುದ್ಧವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಬಳಕೆದಾರರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ಸೂಚನೆ ಸಾರ್ವಜನಿಕರಿಗೆ ವಿಪಿಎನ್ ಸೇವೆ ಕೊಡುವ ಕಂಪನಿಗಳಿಗೆ. ಸಂಸ್ಥೆಗಳು ತಮ್ಮ ಒಳಗಿನ ಕೆಲಸಕ್ಕೆ ಹಾಕಿಕೊಂಡ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ ಎಂದು ಆಗಲೇ ಸ್ಪಷ್ಟಪಡಿಸಲಾಗಿದೆ.

ಮೊದಲು ಐಪಿ ವಿಳಾಸ ನೋಡಿ

ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಡೆಯಿಂದ ರೂಟರ್‌ಗೆ ಸಿಕ್ಕಿರುವ ವಿಳಾಸ) ಎಂದಿರುವುದನ್ನು ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ಐಪಿ ತೋರಿಸುವ ಯಾವುದಾದರೂ ತಾಣ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ಸರಿ. ಬೇರೆಯಾಗಿದ್ದು, ವ್ಯಾನ್ ಐಪಿ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಶುರುವಾದರೆ, ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ಹೊರಗಿನಿಂದ ನಿಮ್ಮ ಆಫೀಸಿಗೆ ತಲುಪಲು ಅಲ್ಲಿ ದಾರಿಯೇ ಇಲ್ಲ. ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಪಬ್ಲಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ. ಸಾಮಾನ್ಯವಾಗಿ ಬೇರೆ ಶುಲ್ಕ ಇರುತ್ತದೆ. ಆಫೀಸಿನ ಮಟ್ಟಿಗೆ ಅದು ಸಾರ್ಥಕ ಖರ್ಚು ಎಂಬುದು ನನ್ನ ಅಭಿಪ್ರಾಯ. ವ್ಯಾನ್ ಐಪಿ 10 ಅಥವಾ 192.168ರಿಂದ ಶುರುವಾಗಿದ್ದರೆ ಮುಂದೆ ಫೈಬರ್ ಕಂಪನಿಯ ಡಬ್ಬಿಯೂ ರೂಟರ್‌ನಂತೆ ಕೆಲಸ ಮಾಡುತ್ತಿರಬಹುದು. ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕ ಮಾತ್ರ ದಾಟಿಸುವ ಸ್ಥಿತಿಗೆ) ಹಾಕಿಸಿ.

ಮನೆಯ ವಿಳಾಸ, ಆಫೀಸಿನ ವಿಳಾಸ ಒಂದೇ ಆಗಬಾರದು

ಬಹುತೇಕರು ಎಡವುವುದು ಇಲ್ಲೇ. ಹೆಚ್ಚಿನ ರೂಟರ್‌ಗಳು 192.168.0 ಅಥವಾ 192.168.1 ಎಂಬ ಸರಣಿಯಲ್ಲೇ ವಿಳಾಸ ಹಂಚುತ್ತವೆ. ಆಫೀಸಿನಲ್ಲೂ ಮನೆಯಲ್ಲೂ ಅದೇ ಇದ್ದರೆ, ವಿಪಿಎನ್ ಕನೆಕ್ಟ್ ಆದರೂ ಟ್ಯಾಲಿ ಕಂಪ್ಯೂಟರ್ ಸಿಗುವುದಿಲ್ಲ. ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ. ಎಲ್ಲರ ಮನೆಯ ರೂಟರ್ ಬದಲಿಸುವುದಕ್ಕಿಂತ ಆಫೀಸಿನದನ್ನು ಬದಲಿಸುವುದು ಸುಲಭ. 192.168.57.1ರಂಥ ಅಪರೂಪದ ವಿಳಾಸ ಕೊಡಿ. ಆಮೇಲೆ ಟ್ಯಾಲಿ ಕಂಪ್ಯೂಟರ್‌ಗೆ 192.168.57.10 ಎಂದು ಖಾಯಂ ವಿಳಾಸ ಕಾದಿರಿಸಿ. ಪ್ರಿಂಟರ್‌ಗೆ ಹಳೆಯ ವಿಳಾಸ ಕೈಯಾರೆ ಕೊಟ್ಟಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ಹಾಗಾಗಿ ಈ ಕೆಲಸವನ್ನು ಭಾನುವಾರ ಇಟ್ಟುಕೊಳ್ಳಿ.

ರೂಟರ್‌ನಲ್ಲಿ ವೈರ್‌ಗಾರ್ಡ್

ಈಚಿನ ಅನೇಕ ಆಸುಸ್, ಟಿಪಿ-ಲಿಂಕ್ ರೂಟರ್‌ಗಳಲ್ಲಿ ವಿಪಿಎನ್ ಸರ್ವರ್ ಮೆನುವಿನಡಿ ವೈರ್‌ಗಾರ್ಡ್ ಸಿಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿದ ರೂಟರ್‌ನಲ್ಲೂ ಅಳವಡಿಸಬಹುದು. ಕೊಳ್ಳುವ ಮೊದಲು ಆ ಮಾಡೆಲ್‌ನಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಸರ್ವರ್ ಆನ್ ಮಾಡಿ, ಸುರಂಗದ ವಿಳಾಸ 10.57.0.1/24 ಕೊಡಿ. ಪೋರ್ಟ್ 51820 ಇರಲಿ, ಇದು ಯುಡಿಪಿ. ರೂಟರ್ ತಾನೇ ಕೀ ತಯಾರಿಸುತ್ತದೆ. ಅದರ ಪಬ್ಲಿಕ್ ಕೀಯನ್ನು ನಕಲು ಮಾಡಿಟ್ಟುಕೊಳ್ಳಿ.

ಸಿಬ್ಬಂದಿಯ ಲ್ಯಾಪ್‌ಟಾಪ್

ಅನೇಕ ರೂಟರ್‌ಗಳು ಸಿಬ್ಬಂದಿಯ ಪೂರ್ತಿ ಫೈಲನ್ನೇ ತಯಾರಿಸಿ ಕೊಡುತ್ತವೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡುವ ಆಸೆಯಾಗುತ್ತದೆ. ಆದರೆ ಆ ಫೈಲಿನೊಳಗೆ ಪ್ರೈವೇಟ್ ಕೀ ಇರುತ್ತದೆ, ಅದು ಯಾರ ಕೈಗೆ ಸಿಕ್ಕಿದರೂ ಅವರು ನಿಮ್ಮ ಆಫೀಸಿನೊಳಗೆ ಬಂದ ಹಾಗೆ. ಇದಕ್ಕಿಂತ ಒಳ್ಳೆಯ ಕ್ರಮ ಇದೆ. ಲ್ಯಾಪ್‌ಟಾಪ್‌ನಲ್ಲಿ ವೈರ್‌ಗಾರ್ಡ್ ಆ್ಯಪ್ ತೆರೆದು ಖಾಲಿ ಟನಲ್ ಸೇರಿಸಿ. ಕೀ ಅಲ್ಲೇ ಹುಟ್ಟುತ್ತದೆ. ಅದರ ಪಬ್ಲಿಕ್ ಕೀಯನ್ನು ಮಾತ್ರ ಕಳಿಸಲು ಹೇಳಿ. ಅದು ಬೇರೆಯವರ ಕಣ್ಣಿಗೆ ಬಿದ್ದರೂ ತೊಂದರೆ ಇಲ್ಲ. ರೂಟರ್‌ನಲ್ಲಿ ಆ ಕೀಗೆ ಒಂದು ಪೀರ್ (ಸುರಂಗದ ಆಚೆ ತುದಿಯ ಸಾಧನ) ಸೇರಿಸಿ, ಅಲೋಡ್ ಐಪಿ ಎಂಬಲ್ಲಿ 10.57.0.2/32 ಕೊಡಿ. ಮುಂದಿನವರಿಗೆ ಕೊನೆಯ ಅಂಕಿ 3, ಆಮೇಲೆ 4.

ಲ್ಯಾಪ್‌ಟಾಪ್ ಕಡೆ ಅದೇ 10.57.0.2/32 ಅದರ ಸ್ವಂತ ವಿಳಾಸ. ಪೀರ್ ವಿಭಾಗದಲ್ಲಿ ರೂಟರ್‌ನ ಪಬ್ಲಿಕ್ ಕೀ, ಎಂಡ್‌ಪಾಯಿಂಟ್‌ನಲ್ಲಿ ಆಫೀಸಿನ ಪಬ್ಲಿಕ್ ಐಪಿ ಮತ್ತು 51820, ಕೀಪ್‌ಅಲೈವ್ 25. ಇಲ್ಲಿ ಅಲೋಡ್ ಐಪಿಗೆ 192.168.57.0/24 ಮತ್ತು 10.57.0.0/24 ಬರೆಯಬೇಕು. ಒಂದೇ ಹೆಸರಿದ್ದರೂ ಎರಡು ಕಡೆ ಬರೆಯುವುದು ಬೇರೆ ಬೇರೆ, ಗಮನವಿರಲಿ: ರೂಟರ್‌ನಲ್ಲಿ ಆ ಲ್ಯಾಪ್‌ಟಾಪ್‌ನ ವಿಳಾಸ, ಲ್ಯಾಪ್‌ಟಾಪ್‌ನಲ್ಲಿ ಆಫೀಸಿನ ವಿಳಾಸಗಳು. ಕೆಲವು ಮಾರ್ಗದರ್ಶಿಗಳಲ್ಲಿ 0.0.0.0/0 ಎಂದಿರುತ್ತದೆ. ಹಾಗೆ ಬರೆದರೆ ಸಿಬ್ಬಂದಿ ಮನೆಯಲ್ಲಿ ನೋಡುವ ಯೂಟ್ಯೂಬ್ ಕೂಡ ಆಫೀಸಿನ ಲೈನ್ ಮೂಲಕವೇ ಹೋಗುತ್ತದೆ. ಅದು ಬೇಡ.

ಒಬ್ಬರಿಗೆ ಲ್ಯಾಪ್‌ಟಾಪ್ ಮತ್ತು ಫೋನ್ ಎರಡರಲ್ಲೂ ಬೇಕಿದ್ದರೆ ಎರಡು ಪೀರ್ ಮಾಡಿ. ಫೋನ್ ಕಳೆದರೆ, ಕೆಲಸ ಬಿಟ್ಟರೆ ಆ ಒಂದನ್ನು ಅಳಿಸಿದರೆ ಸಾಕು. ಉಳಿದವರ ಕೆಲಸ ನಿಲ್ಲುವುದಿಲ್ಲ. ಯಾವ ಕೀ ಯಾರದು ಎಂದು ಆ ದಿನವೇ ಬರೆದಿಡಿ.

ಪರೀಕ್ಷೆ

ಆಫೀಸಿನ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೋಡಿ. ಆ್ಯಕ್ಟಿವೇಟ್ ಒತ್ತಿದ ಮೇಲೆ ಲೇಟೆಸ್ಟ್ ಹ್ಯಾಂಡ್‌ಶೇಕ್ ಎಂಬ ಸಾಲು ಬಂದರೆ ಸುರಂಗ ಕೂಡಿದೆ. ಬರದಿದ್ದರೆ ಕೀ, ಐಪಿ, ಪೋರ್ಟ್ ಮೂರನ್ನು ಮತ್ತೆ ನೋಡಿ. ಸಾಲು ಬಂದರೂ ಕಂಪ್ಯೂಟರ್ ಸಿಗದಿದ್ದರೆ ತಪ್ಪು ಅಲೋಡ್ ಐಪಿಯಲ್ಲಿ ಅಥವಾ ವಿಂಡೋಸ್ ಫೈರ್‌ವಾಲ್‌ನಲ್ಲಿ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ 192.168.57.10 ಎಂದು ಕೊಟ್ಟು ತೆರೆಯಿರಿ. ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿ ಹೊರಗಿನಿಂದ ಬರುವ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದಿಲ್ಲ.

ಕಂಪ್ಯೂಟರ್‌ನ ಸ್ಲೀಪ್ ಆಫ್ ಮಾಡಿ. ರೂಟರ್ ಮತ್ತು ಫೈಬರ್ ಡಬ್ಬಿ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ತಾನೇ ಆನ್ ಆಗುವ ಆಯ್ಕೆ ಬಹಳಷ್ಟು ಕಂಪ್ಯೂಟರ್‌ಗಳ ಬಯೋಸ್‌ನಲ್ಲಿ ಇರುತ್ತದೆ, ಹುಡುಕಿ ಹಾಕಿಬಿಡಿ.

ಇಷ್ಟಾದ ಮೇಲೆ ಒಂದು ಕೆಲಸ ಬಾಕಿ. ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ಪುಟಕ್ಕೆ ಹೋಗಿ 3389ರ ಹಳೆಯ ಸಾಲನ್ನು ಅಳಿಸಿ. ವೈರ್‌ಗಾರ್ಡ್ ಆಫ್ ಮಾಡಿ, ಹಾಟ್‌ಸ್ಪಾಟ್‌ನಿಂದಲೇ ಪಬ್ಲಿಕ್ ಐಪಿಗೆ ರಿಮೋಟ್ ಡೆಸ್ಕ್‌ಟಾಪ್ ಪ್ರಯತ್ನಿಸಿ. ಅದು ತೆರೆಯಬಾರದು.