ಏರ್‌ಗನ್ನಿಗೆ ಹೆಗ್ಗಣ ಸಾಯುತ್ತದೆಯೇ, ನರಳದೆ ಸಾಯುತ್ತದೆಯೇ?

ಅಡಿಕೆ ಒಣಗಿ ಚೀಲಗಳು ಅಟ್ಟ ಸೇರುವ ಹೊತ್ತಿಗೆ ನಮ್ಮ ತೀರ್ಥಹಳ್ಳಿ ಕಡೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಒಂದು ಏರ್‌ಗನ್ ತಗೊಳ್ಳೋಣ ಅಂತಿದ್ದೀನಿ ಮಾರಾಯ್ರೆ, ಹೆಗ್ಗಣಕ್ಕೆ ಆಗುತ್ತಾ?" ಆಗುತ್ತದೆ. ಹದಿನೈದಿಪ್ಪತ್ತು ಮೀಟರಿನ ಒಳಗೆ, ಗುಂಡು ತಲೆಗೇ ಬೀಳುವುದಾದರೆ, ಇಲಿ ಮತ್ತು ಹೆಗ್ಗಣಕ್ಕೆ ಮಾತ್ರ ಆಗುತ್ತದೆ. ಮಂಗ, ಹಂದಿ, ನವಿಲಿಗೆ ಆಗುವುದಿಲ್ಲ. ನಾನು ಗೋದಾಮಿನ ಕಾವಲಿಗೆ ಏರ್‌ಗನ್ ಇಟ್ಟುಕೊಂಡವನು. ಕೊಲ್ಲಲೇಬೇಕಾದ ಪ್ರಾಣಿ ಒಂದೇ ಏಟಿಗೆ, ತನಗೇನಾಯಿತೆಂದು ತಿಳಿಯುವ ಮೊದಲೇ ಸಾಯಬೇಕು ಎನ್ನುವುದರಲ್ಲಿ ನನಗೆ ರಾಜಿ ಇಲ್ಲ. ಹಾಗೆ ಸಾಯಿಸಲು ಏನೇನು ನೋಡಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಬಂದೂಕಿನ ಶಕ್ತಿ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವ "1000 ಎಫ್‌ಪಿಎಸ್" (ಸೆಕೆಂಡಿಗೆ ಸಾವಿರ ಅಡಿ ವೇಗ) ನಂಬಬೇಡಿ. ಅಂಥ ವೇಗ ಸಾಮಾನ್ಯವಾಗಿ ತೀರಾ ಹಗುರ ಗುಂಡು ಹಾಕಿ ತೆಗೆದದ್ದು. ನೀವು ನಿಜಕ್ಕೂ ಬಳಸುವ ಸೀಸದ ಪೆಲೆಟ್, ಅಂದರೆ ಏರ್‌ಗನ್ನಿನ ಗುಂಡು, ಹಾಕಿ, ಕ್ರೋನೋಗ್ರಾಫ್ ಎಂಬ ಸಣ್ಣ ಯಂತ್ರದಲ್ಲಿ ವೇಗ ಅಳೆಯಿರಿ. ಊರಲ್ಲಿ ನಾಲ್ಕು ಜನ ಸೇರಿ ಒಂದು ತರಿಸಿದರೆ ಎಲ್ಲರಿಗೂ ಸಾಕು. ಲೆಕ್ಕ ಸುಲಭ: ಪೆಲೆಟ್ಟಿನ ತೂಕವನ್ನು ಗ್ರಾಮಿನಲ್ಲಿ ತೆಗೆದುಕೊಂಡು, ಸೆಕೆಂಡಿಗೆ ಎಷ್ಟು ಮೀಟರ್ ಎಂಬ ವೇಗದಿಂದ ಎರಡು ಸಲ ಗುಣಿಸಿ, 2000ದಿಂದ ಭಾಗಿಸಿದರೆ ಜೂಲ್ ಲೆಕ್ಕದಲ್ಲಿ ಶಕ್ತಿ ಸಿಗುತ್ತದೆ. 0.55 ಗ್ರಾಮಿನ ಪೆಲೆಟ್ 180 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 9 ಜೂಲ್, 240ರಲ್ಲಿ ಹೊರಟರೆ ಸುಮಾರು 16 ಜೂಲ್. ವೇಗ ಮೂರನೇ ಒಂದು ಪಾಲು ಹೆಚ್ಚಿದರೆ ಶಕ್ತಿ ಹತ್ತಿರ ಹತ್ತಿರ ಇಮ್ಮಡಿ. ಸ್ಪ್ರಿಂಗ್ ಸೋತ ಹಳೇ ಬಂದೂಕು ಯಾಕೆ ಕೈಕೊಡುತ್ತದೆ ಎನ್ನುವುದಕ್ಕೂ ಇದೇ ಉತ್ತರ.

ನಮ್ಮಲ್ಲಿ 2016ರ ಆರ್ಮ್ಸ್ ರೂಲ್ಸ್ ಪ್ರಕಾರ 20 ಜೂಲ್ ದಾಟದ, ನಳಿಗೆಯ ಒಳ ಅಗಲ 4.5 ಮಿ.ಮೀ. ಅಂದರೆ ಪಾಯಿಂಟ್ 177 ಇಂಚು ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಪಾಯಿಂಟ್ 22 ಬೇಕೆಂದರೆ ಲೈಸೆನ್ಸ್ ಬೇಕು. ಇಂಗ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದ ಏರ್ ರೈಫಲ್ಲಿನ ಮಿತಿ 12 ಫುಟ್‌ಪೌಂಡ್, ಅಂದರೆ 16 ಜೂಲಿನ ಆಸುಪಾಸು. ಅಲ್ಲಿನ ರೈತರು ಅದರಲ್ಲೇ ಮೊಲವನ್ನೂ ಹೊಡೆಯುತ್ತಾರೆ. ಹಾಗಾಗಿ ಹೆಗ್ಗಣದ ಮಟ್ಟಿಗೆ ನಮ್ಮ ಕಾನೂನಿನ ಮಿತಿ ಏನೇನೂ ಕಡಿಮೆಯಲ್ಲ.

ಆದರೆ ನಳಿಗೆಯ ಬಾಯಲ್ಲಿದ್ದ ಶಕ್ತಿ ಗುರಿ ತಲುಪುವಾಗ ಅಷ್ಟೇ ಇರುವುದಿಲ್ಲ. ದುಂಡು ತಲೆಯ ಪೆಲೆಟ್ 25 ಮೀಟರ್ ಹೋಗುವಷ್ಟರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಶಕ್ತಿ ಕಳೆದುಕೊಂಡಿರುತ್ತದೆ. ಕಾಗದದ ಗುರಿಗೆಂದು ಮಾಡಿದ ಚಪ್ಪಟೆ ತಲೆಯದು ಹತ್ತಿರ ಹತ್ತಿರ ಅರ್ಧ ಕಳೆದುಕೊಳ್ಳುತ್ತದೆ. ಹೆಗ್ಗಣದ ತಲೆ ತಲುಪುವಾಗ ಕನಿಷ್ಠ 7 ಜೂಲ್ ಉಳಿದಿರಬೇಕು, ಇದು ನಾನು ಹಾಕಿಕೊಂಡ ಗೆರೆ. 9 ಜೂಲಿನ ಬಂದೂಕಾದರೆ ಆ ಗೆರೆ ಇಪ್ಪತ್ತು ಮೀಟರಿಗೆ ಮೊದಲೇ ಬಂದುಬಿಡುತ್ತದೆ. ಪೆಲೆಟ್ ದುಂಡು ತಲೆಯದ್ದೇ ಇರಲಿ. ಚೂಪು ಮೂತಿಯವು ನೋಡಲು ಭಾರಿ, ಗುರಿಗೆ ಅಷ್ಟಕ್ಕಷ್ಟೆ.

ಇಷ್ಟು ಹೇಳಿದರೂ ಶಕ್ತಿ ಅರ್ಧ ಮಾತು ಮಾತ್ರ. 16 ಜೂಲಿನ ಗುಂಡು ಹೆಗ್ಗಣದ ಹೊಟ್ಟೆಗೆ ಬಿದ್ದರೆ ಅದು ಬಿಲ ಸೇರಿ ಮಾರನೇ ದಿನದವರೆಗೂ ನರಳುತ್ತದೆ. 8 ಜೂಲಿನದ್ದು ಮಿದುಳಿಗೆ ಬಿದ್ದರೆ ಕೂತಲ್ಲೇ ಒರಗುತ್ತದೆ. ಆ ಜಾಗ ಒಂದು ರೂಪಾಯಿ ನಾಣ್ಯದಷ್ಟು, ಎರಡು ಸೆಂಟಿಮೀಟರ್. ಆದ್ದರಿಂದ ಬಂದೂಕನ್ನು ಪರೀಕ್ಷೆ ಮಾಡುವುದೂ ನಾಣ್ಯದಲ್ಲೇ. ರಟ್ಟಿನ ಮೇಲೆ ರೂಪಾಯಿ ಇಟ್ಟು ಪೆನ್ಸಿಲ್ಲಿನಲ್ಲಿ ಹತ್ತು ಸುತ್ತು ಬರೆಯಿರಿ. ಹಿಂದೆ ಮರಳು ತುಂಬಿದ ಗೋಣಿಚೀಲ. ಟೇಪ್ ಹಿಡಿದು ಹತ್ತು ಮೀಟರ್ ಅಳೆದು, ಒಂದೊಂದು ಸುತ್ತಿಗೆ ಒಂದೊಂದೇ ಗುಂಡು. ಹತ್ತಕ್ಕೆ ಹತ್ತೂ ಒಳಗೆ ಬಿದ್ದರೆ ಹದಿನೈದಕ್ಕೆ ಹೋಗಿ, ಆಮೇಲೆ ಇಪ್ಪತ್ತಕ್ಕೆ. ಒಂದೇ ಒಂದು ಹೊರಗೆ ಬಿದ್ದರೂ ನಿಮ್ಮ ಮಿತಿ ಅದರ ಹಿಂದಿನ ಅಳತೆ. ಹತ್ತರಲ್ಲಿ ಒಂಬತ್ತು ಬಿದ್ದವಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಆ ಹತ್ತನೆಯದೇ ದವಡೆ ಮುರಿದುಕೊಂಡು ಓಡುವ ಪ್ರಾಣಿ. ಈ ಪರೀಕ್ಷೆಯನ್ನು ಮೇಜಿನ ಮೇಲೆ ದಿಂಬಿಟ್ಟು ಮಾಡಿದರೆ ಉಪಯೋಗವಿಲ್ಲ. ರಾತ್ರಿ ಗೋದಾಮಿನಲ್ಲಿ ಹೇಗೆ ಕೂರುತ್ತೀರೋ ಹಾಗೇ ಕೂತು ಹೊಡೆಯಬೇಕು.

ಸ್ಪ್ರಿಂಗ್ ಬಂದೂಕಿಗೆ ಒಂದು ಗುಣವಿದೆ. ಗುಂಡು ನಳಿಗೆ ಬಿಡುವ ಮೊದಲೇ ಪಿಸ್ಟನ್ನಿನ ಓಟಕ್ಕೆ ಇಡೀ ಬಂದೂಕು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಬಿಗಿಯಾಗಿ ಅವುಚಿ ಹಿಡಿದರೆ ಒಂದೊಂದು ಸಲ ಒಂದೊಂದು ಕಡೆ ಹೊಡೆಯುತ್ತದೆ. ಎಡ ಅಂಗೈ ಮೇಲೆ ಸುಮ್ಮನೆ ಮಲಗಿಸಿ, ಭುಜಕ್ಕೆ ಮೆಲ್ಲಗೆ ತಾಗಿಸಿ ಬಿಡಿ. ಗಾಳಿ ತುಂಬಿಸಿಡುವ ಪಿಸಿಪಿ ಬಂದೂಕಿನಲ್ಲಿ ಈ ರಗಳೆ ಇಲ್ಲ, ಆದರೆ ಅದರ ಬೆಲೆ, ಪಂಪು, ಸೀಲುಗಳ ಖರ್ಚು ಎಲ್ಲರಿಗೂ ಹೊಂದುವಂಥದ್ದಲ್ಲ.

ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹಾಕಿದವರು ಇನ್ನೊಂದು ವಿಷಯ ತಿಳಿದಿರಬೇಕು. ಸ್ಕೋಪ್ ನಳಿಗೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಇಪ್ಪತ್ತು ಮೀಟರಿಗೆ ಸರಿಹೊಂದಿಸಿದ ಬಂದೂಕು ಐದು ಮೀಟರಿನಲ್ಲಿ ಎರಡು ಸೆಂಟಿಮೀಟರಿನಷ್ಟು ಕೆಳಗೆ ಹೊಡೆಯುತ್ತದೆ. ಹತ್ತಿರ ಬಂದ ಹೆಗ್ಗಣ ಸುಲಭ ಎಂದುಕೊಳ್ಳುತ್ತೇವೆ, ಅಲ್ಲೇ ಗುಂಡು ಮಿದುಳು ತಪ್ಪಿ ಗಂಟಲಿಗೆ ಹೋಗುತ್ತದೆ. ಐದು, ಹತ್ತು, ಹದಿನೈದು ಮೀಟರಿಗೆ ಎಲ್ಲೆಲ್ಲಿ ಬೀಳುತ್ತದೆ ಎಂದು ನೋಡಿ, ಚೀಟಿ ಬರೆದು ಬಂದೂಕಿನ ಹಿಡಿಗೇ ಅಂಟಿಸಿಡಿ.

ಇನ್ನು ಹೊಡೆಯುವ ಜಾಗ. ಹೆಗ್ಗಣವನ್ನು ಹುಡುಕಿಕೊಂಡು ಓಡಾಡುವುದಲ್ಲ, ನೀವು ಅಳೆದಿಟ್ಟ ಜಾಗಕ್ಕೆ ಅದು ಬರುವ ಹಾಗೆ ಮಾಡಬೇಕು. ಗೋಡೆ ಪಕ್ಕ ಅದು ದಿನವೂ ಓಡಾಡುವ ದಾರಿ ಎಣ್ಣೆಜಿಡ್ಡು ಹಿಡಿದಂತೆ ಕಪ್ಪಾಗಿರುತ್ತದೆ, ಹಿಕ್ಕೆಯೂ ಬಿದ್ದಿರುತ್ತದೆ. ಅಲ್ಲಿ ಒಂದು ಹಲಗೆ ತುಂಡು ಹಾಕಿ, ಸುಟ್ಟ ಕೊಬ್ಬರಿ ಚೂರನ್ನು ಅದಕ್ಕೆ ಮೊಳೆ ಹೊಡೆದು ಕೂರಿಸಿ. ಬಿಡಿಯಾಗಿಟ್ಟರೆ ಕಚ್ಚಿಕೊಂಡು ಓಡುತ್ತದೆ. ಮೊಳೆಗೆ ಸಿಕ್ಕಿಸಿದರೆ ನಿಂತು ಕೆರೆಯಲೇಬೇಕು. ಎರಡು ಮೂರು ರಾತ್ರಿ ಬಂದೂಕು ಮುಟ್ಟದೆ ಬರೀ ತಿನ್ನಿಸಿ, ಹೆದರಿಕೆ ಹೋಗಲಿ. ಹಲಗೆಯ ಹಿಂದೆ ಮರಳಿನ ಚೀಲ ಇರಲೇಬೇಕು. ಜಂಬಿಟ್ಟಿಗೆ ಕಲ್ಲಿಗೋ ಸಿಮೆಂಟು ನೆಲಕ್ಕೋ ತಾಗಿದ ಪೆಲೆಟ್ ತಿರುಗಿ ಕಣ್ಣಿಗೇ ಬರಬಹುದು. ಟಾರ್ಚಿಗೆ ಬೆಳಕು ಹಾಯುವ ಕೆಂಪು ಕಾಗದ ಸುತ್ತಿ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ.

ಹೆಗ್ಗಣ ಬಂದ ತಕ್ಷಣ ಬಂದೂಕಿನ ಕುದುರೆ (ಟ್ರಿಗರ್) ಒತ್ತಬೇಡಿ. ಮೊದಲು ಮೂಗು ಎತ್ತಿ ಗಾಳಿ ಹಿಡಿಯುತ್ತದೆ, ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ಮೀಸೆ ಅಲುಗುತ್ತಲೇ ಇರುತ್ತದೆ. ಆಮೇಲೆ ಮುಂಗಾಲು ಹಲಗೆಗೆ ಊರಿ ಕೊಬ್ಬರಿಗೆ ಹಲ್ಲು ಹಚ್ಚಿದಾಗ ತಲೆ ಒಂದೇ ಕಡೆ ನಿಲ್ಲುತ್ತದೆ. ಪಕ್ಕಕ್ಕೆ ತಿರುಗಿರಬೇಕು. ಕಣ್ಣಿಗೂ ಕಿವಿಯ ಬುಡಕ್ಕೂ ನಡುವೆ, ಕಿವಿಯ ಕಡೆಗೆ ತುಸು ಹತ್ತಿರ, ಅಲ್ಲಿಗೆ ಗುರಿ. ಎದುರಿನಿಂದ ಬೇಡ, ಹಿಂದಿನಿಂದ ಬೇಡ, ಎದೆಗೆ ಅಂತೂ ಬೇಡವೇ ಬೇಡ. ಕೆ.ಜಿ. ತೂಗುವ ಗಡವ ಹೆಗ್ಗಣ ಎದೆಗೆ ಏಟು ತಿಂದೂ ಬಿಲ ಸೇರುತ್ತದೆ. ಸರಿಯಾದ ಭಂಗಿ ಸಿಗದಿದ್ದರೆ ಆ ರಾತ್ರಿ ಎದ್ದು ಬನ್ನಿ.

ಬಿದ್ದ ಮೇಲೆ ಕಾಲು ಒಂದಿಷ್ಟು ಹೊತ್ತು ಅದುರಬಹುದು. ಅದು ನರಗಳ ಆಟ, ನೋವಲ್ಲ. ಆದರೆ ಖಾತ್ರಿ ಮಾಡಿಕೊಳ್ಳದೆ ಇರಬಾರದು. ಇನ್ನೊಂದು ಪೆಲೆಟ್ ತುಂಬಿಕೊಂಡೇ ಹತ್ತಿರ ಹೋಗಿ, ಉದ್ದ ಕಡ್ಡಿಯಿಂದ ಕಣ್ಣುಗುಡ್ಡೆ ಮುಟ್ಟಿ. ರೆಪ್ಪೆ ಮಿಟುಕಿತೋ, ತಡಮಾಡದೆ ಅದೇ ಜಾಗಕ್ಕೆ ಇನ್ನೊಂದು ಈಡು. ಬರಿಗೈಯಲ್ಲಿ ಎತ್ತಬೇಡಿ. ಇಲಿಜ್ವರ ನಮ್ಮ ಮಲೆನಾಡಿನಲ್ಲಿ ತಮಾಷೆಯ ಮಾತಲ್ಲ. ನಾಯಿ, ಬೆಕ್ಕಿನ ಬಾಯಿಗೂ ಸಿಗಬಾರದು, ಒಳಗೆ ಸೀಸ ಇರುತ್ತದೆ. ಆಳವಾಗಿ ಹೂತು, ಸೋಪಿನಲ್ಲಿ ಕೈ ತೊಳೆಯಿರಿ.

"ಇಷ್ಟೆಲ್ಲ ಯಾಕೆ, ಪಾಷಾಣ ಇಟ್ಟರಾಯಿತು" ಅನ್ನುವವರಿದ್ದಾರೆ. ಬ್ರೋಮಾಡಿಯೊಲೋನ್ ಎಂಬ ಇಲಿ ಪಾಷಾಣ ತಿಂದ ಇಲಿ ಒಳಗೊಳಗೇ ರಕ್ತ ಸೋರಿ ಸಾಯಲು ದಿನಗಟ್ಟಲೆ ಬೇಕು. ಆ ಇಲಿಯನ್ನು ತಿಂದ ಗೂಬೆಗೂ ವಿಷ ಏರುತ್ತದೆ. ಅಂಟಿನ ಹಲಗೆಯಂತೂ ಇನ್ನೂ ಘೋರ. ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ತಲೆಗೆ ಬಿದ್ದ ಒಂದು ಪೆಲೆಟ್ ಎಷ್ಟೋ ಮೇಲು. ಆದರೆ ನಾಣ್ಯದ ಪರೀಕ್ಷೆ ಪಾಸಾದವರ ಕೈಯಲ್ಲಿ ಮಾತ್ರ.

ಮಂಗನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಏರ್‌ಗನ್ ಕೊಳ್ಳುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಹೆಗ್ಗಣವಲ್ಲ, ಮಂಗ. ಬಾಳೆ, ಏಲಕ್ಕಿ, ಎಳೆ ಅಡಿಕೆ ಕಳೆದುಕೊಂಡವರ ಸಂಕಟ ನನಗೂ ಗೊತ್ತು, ನನ್ನ ತೋಟಕ್ಕೂ ಬರುತ್ತವೆ. ಆದರೂ ಕೇಳಿ. ಗಂಡು ಮಂಗ ಆರೇಳು ಕೆ.ಜಿ. ತೂಗುತ್ತದೆ, ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಅಡಿಕೆ ಮರದ ತುದಿಯಲ್ಲಿ ತೂಗಾಡುತ್ತಿರುತ್ತದೆ. ಅಷ್ಟು ದೂರ ಹೋದ ಪೆಲೆಟ್ ಚರ್ಮ ಸೀಳಿ ಮಾಂಸದಲ್ಲಿ ಕೂರುತ್ತದೆ, ಕಣ್ಣು ಕಳೆಯುತ್ತದೆ, ಕರುಳು ತೂತು ಮಾಡುತ್ತದೆ. ಆ ಗಾಯ ಕೀವಾಗಿ, ಕೈ ಬಾತು, ಮರಿ ಎತ್ತಿಕೊಳ್ಳಲಾಗದೆ ಅದು ಸಾಯುವುದು ಎಲ್ಲೋ ಕಾಡಿನೊಳಗೆ, ನಿಮ್ಮ ಕಣ್ಣಿಗೆ ಬೀಳದೆ. "ಬರೀ ಹೆದರಿಸೋಕೆ" ಎನ್ನುವ ಮಾತೇ ಸುಳ್ಳು. ಕಾನೂನೂ ಬಿಡುವುದಿಲ್ಲ. ಕೆಂಪು ಮೂತಿಯ ನಮ್ಮ ಮಂಗ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ನವಿಲೂ ಕೆಂಜಳಿಲೂ ಅದೇ ಪಟ್ಟಿಯಲ್ಲಿವೆ. ಕಪ್ಪು ಮೂತಿಯ ಮುಷ್ಯ, ಕಾಡುಹಂದಿ, ಗಿಳಿ ಇವಕ್ಕೂ ರಕ್ಷಣೆ ಇದೆ. ಹಿಂದೆ ಕಾಗೆ, ಹಣ್ಣಿನ ಬಾವಲಿಗಳನ್ನು ಇಲಿಯ ಜೊತೆ ಉಪದ್ರವಕಾರಿ ಎಂದು ಐದನೇ ಪಟ್ಟಿಗೆ ಹಾಕಿದ್ದರು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ ಆ ಪಟ್ಟಿಯೇ ಹೋಯಿತು, ಕಾಗೆ ಈಗ ರಕ್ಷಿತ ಪಕ್ಷಿ. ಹಳೇ ತಿಳಿವಳಿಕೆಯಲ್ಲಿ ಕಾಗೆಗೆ ಗುರಿಯಿಡುವವರು ಇನ್ನೂ ಇದ್ದಾರೆ, ಹೇಳಿ ಬಿಡಿಸಿ.

ಇಲಿಯ ಕಾಟದಲ್ಲೂ ಬಂದೂಕು ಎಲ್ಲ ಕಡೆ ಕೆಲಸಕ್ಕೆ ಬರುವುದಿಲ್ಲ. ತೆಂಗಿನ ಮರದ ಮೇಲಿನ ಇಲಿಗೆ ಕೆಳಗಿನಿಂದ ಗುರಿ ಸಿಗುವುದಿಲ್ಲ, ತಪ್ಪಿದ ಗುಂಡು ಎಲ್ಲಿ ಬೀಳುತ್ತದೋ ಗೊತ್ತಾಗುವುದಿಲ್ಲ. ಅಲ್ಲಿಗೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಒಂದೂಕಾಲು ಅಡಿ ಅಗಲದ ಜಿಂಕ್ ತಗಡು ಸುತ್ತಿ, ಪಕ್ಕದ ಮರದ ಗರಿ ತಾಗದಂತೆ ಸವರಿಬಿಡಿ. ಉಗುರು ಜಾರಿ ಮೇಲೆ ಹತ್ತಲಾಗುವುದಿಲ್ಲ. ಕೊಕ್ಕೋ ಕಾಯನ್ನು ಬಣ್ಣ ತಿರುಗಿದ ಕೂಡಲೇ ಕೊಯ್ಯಿರಿ, ಹಣ್ಣಾಗಿ ಮರದಲ್ಲಿ ಉಳಿದದ್ದೇ ಇಲಿ, ಅಳಿಲನ್ನು ಕರೆಯುತ್ತದೆ. ಗೋದಾಮಿನ ಬಾಗಿಲ ಸಂದಿಗೆ ತಗಡು ಹೊಡೆದು, ಚೀಲಗಳನ್ನು ಗೋಡೆಯಿಂದ ಒಂದಡಿ ದೂರಕ್ಕೆ, ಮರದ ಅಟ್ಟಣಿಗೆಯ ಮೇಲೆ ಇಡಿ. ಇದಾದ ಮೇಲೂ ಒಳಗೆ ಉಳಿದ ಒಂದೆರಡಕ್ಕೆ ಬಂದೂಕು ಕೈಗೆತ್ತಿಕೊಳ್ಳಿ.