ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ: ಮನೆಯಲ್ಲಿ ತೋಟಾ ತುಂಬುವ ಕೋಣೆ ಮಾಡಿಕೊಂಡ ಬಗೆ

ಡಲ್ಲಾಸ್ ಕಡೆಯ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ. ಹಾಗಾಗಿ ಮನೆಯಲ್ಲೇ ಬಂದೂಕಿನ ತೋಟಾ ತುಂಬಿಕೊಳ್ಳುವ, ಅಂದರೆ ಹೊಡೆದು ಖಾಲಿಯಾದ ಕೇಸಿಗೆ ಮತ್ತೆ ಮದ್ದು, ಬುಲೆಟ್ ಹಾಕಿಕೊಳ್ಳುವ ಹವ್ಯಾಸ ಹತ್ತಿದವರ ಕಣ್ಣು ಮೊದಲು ಹೋಗುವುದು ಗ್ಯಾರೇಜಿನ ಕಡೆಗೆ. ನಾನೂ ಅಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಬೇಡ ಎಂದು ನಿರ್ಧರಿಸಿದೆ. ಇಲ್ಲಿಯ ಜುಲೈ, ಆಗಸ್ಟ್ ಬಿಸಿಲಿಗೆ ಮುಚ್ಚಿದ ಗ್ಯಾರೇಜಿನ ಒಳಗೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಈಗಿನ ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಅದು ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದರೂ ನಿಧಾನವಾಗಿ ಕೆಡುತ್ತಲೇ ಇರುತ್ತದೆ. ಕೆಡುವಾಗ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳನ್ನು ಹಿಡಿದಿಟ್ಟುಕೊಳ್ಳಲೆಂದು ತಯಾರಕರು ಡೈಫಿನೈಲಮೈನ್‌ನಂಥ ಸ್ಥಿರಕಾರಿ ಸೇರಿಸಿರುತ್ತಾರೆ. ಶಾಖ ಹೆಚ್ಚಿದಷ್ಟೂ ಆ ಸ್ಥಿರಕಾರಿ ಬೇಗ ಖರ್ಚಾಗುತ್ತದೆ. ಆಮೇಲೆ ಡಬ್ಬಿ ತೆರೆದರೆ ಮೂಗಿಗೆ ಅಡರುವ ಆಮ್ಲದ ವಾಸನೆ, ಇಟ್ಟಿಗೆ ಬಣ್ಣದ ಧೂಳು. ತಂಪು ಜಾಗದಲ್ಲಿ ದಶಕಗಳ ಕಾಲ ಬಾಳುವ ವಸ್ತುವನ್ನು ಗ್ಯಾರೇಜಿಗೆ ಹಾಕಿ ಕೆಡಿಸುವುದರಲ್ಲಿ ಅರ್ಥವಿಲ್ಲ. ಮನೆಯೊಳಗಿನ, ಏಸಿ ಇರುವ ಚಿಕ್ಕ ಮಲಗುವ ಕೋಣೆಯನ್ನೇ ಇದಕ್ಕೆ ಬಿಟ್ಟುಕೊಂಡೆ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ವ್ಯಾಪಾರವಾಗಿ ಮಾಡಿ ಮಾರುವುದಾದರೆ ಬೇಕು. ಆದರೆ ಎಚ್-1ಬಿಯಂಥ ವೀಸಾದ ಮೇಲೆ ಇರುವವರು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ನಾನು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲಷ್ಟೇ ಇದಕ್ಕೆ ಕೈ ಹಾಕಿದ್ದು. ಊರಲ್ಲಿ ಇದನ್ನು ಓದುವವರಿಗೂ ಒಂದು ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಭಾರತದಲ್ಲಿ ಅಪರಾಧ. ಬೆಳೆ ರಕ್ಷಣೆಗೆಂದು ಕೋವಿ ಲೈಸೆನ್ಸ್ ಇದ್ದರೂ, ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಇದ್ದರೂ, ಅದು ಈ ಕೆಲಸಕ್ಕೆ ಅನುಮತಿ ಅಲ್ಲ. ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು. ಅದರ ಕರಿಮದ್ದೇ ಬೇರೆ, ಇಲ್ಲಿ ನಾನು ಹೇಳುತ್ತಿರುವ ಮದ್ದೇ ಬೇರೆ.

ಕೋಣೆ ಖಾಲಿ ಮಾಡಿದ ಮೇಲೆ ಸಾಮಾನಿನ ಪಟ್ಟಿ ಬರೆಯಲು ಕೂರಲಿಲ್ಲ. ಮೇಜಿನ ಮೇಲೆ ಏನೇನು ಇರಬಾರದು ಎಂಬ ಪಟ್ಟಿಯನ್ನು ಮೊದಲು ಬರೆದೆ. ಒಂದು ತೋಟಾ ಎಂದರೆ ನಾಲ್ಕೇ ವಸ್ತು: ಹಿತ್ತಾಳೆಯ ಕೇಸು, ಪೆಟ್ಟು ಬಿದ್ದಾಗ ಕಿಡಿ ಕೊಟ್ಟು ಮದ್ದು ಹತ್ತಿಸುವ ಪುಟ್ಟ ಪ್ರೈಮರ್, ಮದ್ದು, ಗುರಿಗೆ ಹಾರುವ ಬುಲೆಟ್. ಹಳೆಯ ಪ್ರೈಮರ್ ತೆಗೆದು, ಕೇಸನ್ನು ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಬುಲೆಟ್ ಕೂರಿಸಿದರೆ ಮುಗಿಯಿತು. ಕೆಲಸ ಇಷ್ಟೇ. ಅಪಾಯ ಬರುವುದು ಹೆಚ್ಚಾಗಿ ಅದಲುಬದಲಿನಿಂದ: ಬೇರೆ ಡಬ್ಬಿಯ ಮದ್ದು, ಬೇರೆ ತೂಕದ ಬುಲೆಟ್, ಎರಡು ಸಲ ಬಿದ್ದ ಮದ್ದು, ಬೀಳದೇ ಉಳಿದ ಮದ್ದು. ಕೋಣೆಯ ವ್ಯವಸ್ಥೆಯೇ ಈ ಅದಲುಬದಲಿಗೆ ಅಡ್ಡ ನಿಲ್ಲಬೇಕು. ದಣಿದ ಸಂಜೆಯಲ್ಲಿ ನನ್ನ ನೆನಪನ್ನು ನಂಬಿ ನಡೆಯುವ ಕೋಣೆ ನನಗೆ ಬೇಡ.

ನೆಲದಿಂದ ಶುರು ಮಾಡಿದೆ. ಕಾರ್ಪೆಟ್ ಕಿತ್ತು ವಿನೈಲ್ ಹಲಗೆ ಹಾಸಿದೆ. ಕಾರ್ಪೆಟ್ಟಿನಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಚೆಲ್ಲಿದ ಮದ್ದಿನ ಕಾಳು ಎಳೆಗಳ ನಡುವೆ ಕೂತುಬಿಡುತ್ತದೆ, ಸೀಸದ ಧೂಳಂತೂ ಹೊರಗೆ ಬರುವುದೇ ಇಲ್ಲ. ನುಣುಪಾದ ನೆಲದ ಮೇಲೆ ಉರುಳಿದ ಪ್ರೈಮರ್ ಕೂಡಲೇ ಕಾಣುತ್ತದೆ. ಚೆಲ್ಲಿದ ಮದ್ದನ್ನು ಮೃದು ಬ್ರಷ್ಷಿನಿಂದ ಮೊರಕ್ಕೆ ಬಳಿದು ತೆಗೆಯುತ್ತೇನೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಈ ಕೋಣೆಗೆ ಬರುವಂತಿಲ್ಲ. ಮೋಟಾರಿನ ಕಿಡಿ ಮತ್ತು ಮದ್ದಿನ ಧೂಳು ಒಂದೇ ಪೆಟ್ಟಿಗೆಯೊಳಗೆ ಸೇರಬಾರದು.

ಮೇಜು ನಾನೇ ಮಾಡಿದ್ದು. ಕೇಸನ್ನು ಡೈಯೊಳಗೆ ಒತ್ತುವ ಪ್ರೆಸ್ಸಿನ ಹಿಡಿಯನ್ನು ಕೆಳಗೆ ಎಳೆದಾಗ ಮೇಜಿನ ಮುಂಭಾಗ ಬಾಗುತ್ತದೆ, ಮೇಲೆತ್ತಿದಾಗ ಇಡೀ ಮೇಜು ಎದ್ದು ಬರಲು ನೋಡುತ್ತದೆ. ಭಾರ ಒಂದರಿಂದಲೇ ಇದನ್ನು ತಡೆಯಲಾಗದು, ಗೋಡೆಗೆ ಕಟ್ಟಬೇಕು. ಇಲ್ಲಿಯ ಗೋಡೆಗಳ ಒಳಗೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ಇರುತ್ತದೆ. ಹಿಂದಿನ ಪಟ್ಟಿಯನ್ನು ಆ ಕಂಬಗಳಿಗೇ ದಪ್ಪ ಸ್ಕ್ರೂ ಹಾಕಿ ಬಿಗಿದೆ. ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ ಅಂಟಿಸಿ ಮೇಲ್ಮೈ ಮಾಡಿದೆ. ಮೇಜಿನ ಬಣ್ಣ ತಿಳಿ ಬಿಳುಪು, ಮದ್ದಿನ ಕಪ್ಪು ಕಾಳು ಒಂದು ಬಿದ್ದರೂ ಎದ್ದು ಕಾಣಲೆಂದು. ಪ್ರೆಸ್ ಕೂತ ಜಾಗದ ಕೆಳಗೆ ನೇರವಾಗಿ ಒಂದು ಕಾಲು ಕೊಟ್ಟಿದ್ದೇನೆ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಬುಲೆಟ್ ಕೂರುವ ಆಳ ಒಂದೊಂದಕ್ಕೆ ಒಂದೊಂದು ಥರ ಬರುತ್ತಿದೆ ಎಂದು ಡೈಯನ್ನು ದೂರುತ್ತಾರೆ.

ಪ್ರೆಸ್ಸು ಆರ್‌ಸಿಬಿಎಸ್ ಕಂಪನಿಯ ರಾಕ್ ಚಕ್ಕರ್, ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಏಕಹಂತದ್ದು. ಒಂದು ಎಳೆತಕ್ಕೆ ಒಂದು ತೋಟಾ ಉದುರಿಸುವ ಪ್ರೋಗ್ರೆಸಿವ್ ಪ್ರೆಸ್ಸುಗಳೂ ಇವೆ, ಪಿಸ್ತೂಲಿನ ಸ್ಪರ್ಧೆಗೆ ಹೋಗುವವರಿಗೆ ಅವು ಬೇಕು. ನಾನು ಹೊಡೆಯುವುದು ದೂರದ ಗುರಿಗೆ, .308 ವಿಂಚೆಸ್ಟರ್ ಮತ್ತು 6.5 ಕ್ರೀಡ್‌ಮೂರ್ ಎಂಬ ಎರಡು ಬಗೆಯ ರೈಫಲ್ ತೋಟಾ. ನನಗೆ ವೇಗ ಬೇಡ, ಪ್ರತಿ ಹಂತದಲ್ಲೂ ಕೇಸನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಬೇಕು. ಇದರ ಡೈಗಳ ತಿರುಪಿನ ವ್ಯಾಸ 7/8 ಇಂಚು, ಇಂಚಿಗೆ 14 ಸುತ್ತು. ಹೆಚ್ಚಿನ ಕಂಪನಿಗಳು ಇದೇ ಅಳತೆ ಪಾಲಿಸುವುದರಿಂದ ಹಾರ್ನಡಿ, ಲೀ, ರೆಡ್ಡಿಂಗ್ ಯಾರ ಡೈ ತಂದರೂ ಕೂರುತ್ತದೆ.

ಮದ್ದಿನ ಕಪಾಟಿನ ವಿಷಯದಲ್ಲಿ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಬಂದೂಕಿನ ಉಕ್ಕಿನ ತಿಜೋರಿ ಇದೆಯಲ್ಲ, ಮದ್ದನ್ನೂ ಅದರಲ್ಲೇ ಇಡಬಹುದಲ್ಲ? ಇಡಬಾರದು. ಹೊಗೆರಹಿತ ಮದ್ದು ಬಯಲಲ್ಲಿ ಹತ್ತಿದರೆ ಭುಸ್ಸೆಂದು ಉರಿದು ಹೋಗುತ್ತದೆ. ಅದೇ ಗಾಳಿಯಾಡದ ಉಕ್ಕಿನ ಪೆಟ್ಟಿಗೆಯಲ್ಲಿ ಹತ್ತಿದರೆ ಅನಿಲಕ್ಕೆ ದಾರಿ ಸಿಗದೆ ಒತ್ತಡ ಏರಿ, ತಿಜೋರಿಯೇ ಬಾಂಬಿನಂತೆ ಸಿಡಿಯುತ್ತದೆ. ಅದಕ್ಕೇ ಮರದ ಕಪಾಟು. ಮರ ಹೊರಗಿನ ಬೆಂಕಿಯ ಶಾಖವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ, ಒಳಗೆ ಹತ್ತಿದರೆ ಬಾಗಿಲು ಬಿಟ್ಟುಕೊಡುತ್ತದೆ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಎನ್‌ಎಫ್‌ಪಿಎ 495 ಹೇಳುವುದೂ ಇದನ್ನೇ: ಮನೆಯಲ್ಲಿ 20 ಪೌಂಡಿನವರೆಗೆ ಮದ್ದನ್ನು ಅದರ ಮೂಲ ಡಬ್ಬಿಯಲ್ಲೇ ಇಡಬಹುದು; ಅದನ್ನು ಮೀರಿ 50 ಪೌಂಡಿನವರೆಗೆ ಇಡುವುದಾದರೆ ಸುಮಾರು 1 ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ನನ್ನ ಹತ್ತಿರ 20 ಪೌಂಡಿನ ಹತ್ತಿರಕ್ಕೂ ಇರುವುದಿಲ್ಲ, ಆದರೂ ಕಪಾಟು ಮಾಡಿದ್ದು ಆ ದಪ್ಪಕ್ಕೇ. ಕೆಲವು ಊರುಗಳ ನಿಯಮ ಇದಕ್ಕಿಂತ ಬಿಗಿ ಇರುವುದರಿಂದ ಸ್ಥಳೀಯ ಅಗ್ನಿಶಾಮಕ ಕಚೇರಿಯಲ್ಲಿ ಕೇಳಿಕೊಂಡೇ ಕೆಲಸ ಹಿಡಿದೆ.

ಪ್ರೈಮರುಗಳಿಗೆ ಎದುರು ಗೋಡೆಯಲ್ಲಿ ಬೇರೆ ಕಪಾಟು. ಅದೇ ಸಂಹಿತೆಯಲ್ಲಿ ಮನೆಗೆ 10,000 ಪ್ರೈಮರಿನ ಮಿತಿ ಇದೆ. ಆ ಸಂಖ್ಯೆಗಿಂತ ನನಗೆ ಮುಖ್ಯ ಅನಿಸುವುದು ಅವುಗಳ ಪ್ಯಾಕಿಂಗ್. ಕಂಪನಿಯ ತಟ್ಟೆಯಲ್ಲಿ ಪ್ರತಿ ಪ್ರೈಮರಿಗೂ ಅದರದ್ದೇ ಗುಳಿ ಇರುತ್ತದೆ, ಒಂದು ಸಿಡಿದರೂ ಪಕ್ಕದ್ದಕ್ಕೆ ಸುಲಭವಾಗಿ ಹಬ್ಬದಿರಲಿ ಎಂದು. ಜಾಗ ಉಳಿಯುತ್ತದೆಂದು ಅವನ್ನು ಗಾಜಿನ ಬಾಟಲಿಗೆ ಸುರಿದಿಟ್ಟರೆ ಆ ರಕ್ಷಣೆ ಪೂರ್ತಿ ಹೋಯಿತು. ಒಂದರ ಕಿಡಿ ಸಾಕು, ಎಲ್ಲವೂ ಒಟ್ಟಿಗೆ ಸಿಡಿದು ಕೈಯನ್ನೇ ಒಯ್ಯಬಹುದು. ಹಾಗಾಗಿ ತಟ್ಟೆಯಿಂದ ಹೊರಬಂದ ಪ್ರೈಮರ್ ಅಂದೇ ಕೇಸಿಗೆ ಹೋಗಬೇಕು, ಇಲ್ಲವೇ ಅದೇ ತಟ್ಟೆಗೆ ಮರಳಬೇಕು.

ಇನ್ನು ಈ ಕೋಣೆಯ ಮೂಲ ನಿಯಮ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಉಳಿದವೆಲ್ಲ ಬೀಗ ಹಾಕಿದ ಕಪಾಟಿನಲ್ಲಿ. ಇದು ಏಕೆ ಅಷ್ಟು ಮುಖ್ಯ ಎಂದು ಮದ್ದಿನ ಹೆಸರುಗಳನ್ನು ನೋಡಿದರೆ ಗೊತ್ತಾಗುತ್ತದೆ. ಹಾಜ್‌ಡನ್ ಕಂಪನಿಯ ಎಚ್4350 ಇದೆ, ಐಎಂಆರ್ 4350 ಇದೆ, ಅಕ್ಯುರೇಟ್ 4350 ಕೂಡ ಇದೆ. ಸಂಖ್ಯೆ ಒಂದೇ, ಮದ್ದು ಮೂರು, ಉರಿಯುವ ವೇಗ ಬೇರೆ ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಮದ್ದು ಸುರಿಯುವ ಅಳತೆ ಯಂತ್ರದ ಬಾಯಿಯಲ್ಲಿ ಯಾವ ಮದ್ದಿದೆ ಎಂದು ಒಂದು ಚೀಟಿ ಅಂಟಿಸುತ್ತೇನೆ, ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಮೂಲ ಡಬ್ಬಿಗೇ ಸುರಿದು ಚೀಟಿ ಕಿತ್ತುಹಾಕುತ್ತೇನೆ. ರಾತ್ರಿಯಿಡೀ ಯಂತ್ರದಲ್ಲೇ ಬಿಟ್ಟ ಮದ್ದಿನ ಹೆಸರನ್ನು ಬೆಳಿಗ್ಗೆ ಯಾರೂ ಖಾತ್ರಿಯಾಗಿ ಹೇಳಲಾರರು. ನೈಟ್ರೋಗ್ಲಿಸರಿನ್ ಇರುವ ಮದ್ದಾದರೆ ಯಂತ್ರದ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಹೆಸರು ಅನುಮಾನವಿರುವ ಮದ್ದನ್ನು ಬಳಸುವ ಮಾತೇ ಇಲ್ಲ.

ತಕ್ಕಡಿಯ ಜಾಗ ಹುಡುಕಲು ನಾನು ತುಂಬ ತಲೆ ಕೆಡಿಸಿಕೊಂಡೆ. ಇಲ್ಲಿ ತೂಗುವ ಮಾನ ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನಿಗೆ ಸುಮಾರು 65 ಮಿಲಿಗ್ರಾಂ. ನಾವು ನೋಡುವುದು ಅದರ ಹತ್ತನೇ ಒಂದು ಭಾಗವನ್ನು. ಏಸಿಯ ಗಾಳಿ ತಟ್ಟೆಯ ಮೇಲೆ ಬೀಸಿದರೆ ಅಂಕಿ ಅಲ್ಲಾಡುತ್ತದೆ. ಹಳೆಯ ಟ್ಯೂಬ್‌ಲೈಟಿನ ಚೋಕ್ ಹತ್ತಿರವಿದ್ದರೆ ಎಲೆಕ್ಟ್ರಾನಿಕ್ ತಕ್ಕಡಿ ತಪ್ಪು ತೋರಿಸಬಹುದು. ಪ್ರೆಸ್ ಇರುವ ಮೇಜಿನ ಮೇಲೆ ಇಟ್ಟರೆ ಎಳೆದಾಗಲೆಲ್ಲ ಕಂಪನ. ಹಾಗಾಗಿ ತಕ್ಕಡಿಗೆ ಗೋಡೆಗೆ ಬಿಗಿದ ಬೇರೆಯೇ ಹಲಗೆ, ಕಣ್ಣಿನ ಎತ್ತರದಲ್ಲಿ. ಏಸಿ ಗಾಳಿಯನ್ನು ಬೇರೆ ದಿಕ್ಕಿಗೆ ತಿರುಗಿಸಿ, ದೀಪವೆಲ್ಲ ಎಲ್‌ಇಡಿ ಮಾಡಿದೆ. ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕದಲ್ಲೇ ಹಳೆಯ ಮಾದರಿಯ ದಂಡಿಗೆಯ ತಕ್ಕಡಿ, ಜೊತೆಗೆ ಪರೀಕ್ಷೆಯ ತೂಕದ ಬಟ್ಟುಗಳು. ಶುರು ಮಾಡುವಾಗ, ನಡುವೆ, ಮುಗಿಸುವಾಗ ಬಟ್ಟು ಇಟ್ಟು ನೋಡುತ್ತೇನೆ.

ಮದ್ದು ಹಾಕಿದ ಕೇಸುಗಳನ್ನು 50 ಗುಳಿಯ ಮರದ ಹಲಗೆಯಲ್ಲಿ ನಿಲ್ಲಿಸಿ, ಬುಲೆಟ್ ಕೂರಿಸುವ ಮುಂಚೆ ದೀಪ ಓರೆಯಾಗಿ ಹಿಡಿದು ಸಾಲುಸಾಲಾಗಿ ಒಳಗೆ ನೋಡುತ್ತೇನೆ. .308ರಲ್ಲಿ ಮದ್ದು ಕೇಸಿನ ಬಹುಭಾಗ ತುಂಬುವುದರಿಂದ ಎರಡು ಸಲ ಹಾಕಿದರೆ ಚೆಲ್ಲಿ ತಾನೇ ಹೇಳುತ್ತದೆ. 9 ಎಂಎಂ ಪಿಸ್ತೂಲಿನ ಕೇಸಿನಲ್ಲಿ ವೇಗದ ಮದ್ದು ಅರ್ಧಕ್ಕೂ ಬರದಿರಬಹುದು, ಎರಡರಷ್ಟು ಬಿದ್ದರೂ ಸದ್ದಿಲ್ಲದೆ ಹಿಡಿಸುತ್ತದೆ, ಬಂದೂಕು ಒಡೆಯುತ್ತದೆ. ಮದ್ದೇ ಬೀಳದಿದ್ದರೆ ಬರೀ ಪ್ರೈಮರಿನ ಬಲಕ್ಕೆ ಬುಲೆಟ್ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಮುಂದಿನ ಗುಂಡು ಅದಕ್ಕೆ ಹೋಗಿ ಹೊಡೆಯುತ್ತದೆ. ಈ ನೋಟ ಮುಗಿಯುವ ತನಕ ಫೋನ್ ಹೊರಗಿನ ಕೋಣೆಯಲ್ಲಿ. ನಡುವೆ ಯಾರಾದರೂ ಬಾಗಿಲು ಬಡಿದರೆ ಆ ಹಲಗೆಯ ಮದ್ದನ್ನೆಲ್ಲ ಡಬ್ಬಿಗೆ ಸುರಿದು ಮೊದಲಿನಿಂದ ಹಾಕುತ್ತೇನೆ. ಮನೆಯವರಿಗೆ ಇದು ಗೊತ್ತಿರುವುದರಿಂದ ಯಾರೂ ಬಡಿಯುವುದಿಲ್ಲ.

ಹಿತ್ತಾಳೆ ಕೇಸು ತೊಳೆಯುವ ಕೆಲಸ ಮಾತ್ರ ಗ್ಯಾರೇಜಿಗೆ ಹೋಯಿತು. ಹೆಚ್ಚಿನ ಪ್ರೈಮರುಗಳ ಒಳಗಿರುವುದು ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತ. ಹೊಡೆದ ಕೇಸಿನ ಮಸಿಯಲ್ಲಿ ಸೀಸ ಇರುತ್ತದೆ. ಮೆಕ್ಕೆಜೋಳದ ಬೆಂಡಿನ ಪುಡಿ ಹಾಕಿ ಅಲುಗಿಸುವ ಒಣ ಯಂತ್ರದ ಮುಚ್ಚಳ ತೆಗೆದು ಜರಡಿ ಹಿಡಿದರೆ ಆ ಧೂಳು ನೇರ ಶ್ವಾಸಕೋಶಕ್ಕೆ. ಅದಕ್ಕೆ ನೀರು ಮತ್ತು ಸ್ಟೇನ್‌ಲೆಸ್ ಉಕ್ಕಿನ ಸಣ್ಣ ಕಡ್ಡಿ ಹಾಕಿ ತಿರುಗಿಸುವ ಯಂತ್ರ ತಂದೆ. ಧೂಳು ಏಳುವುದೇ ಇಲ್ಲ, ಪ್ರೈಮರ್ ಗುಳಿ ಕೂಡ ಶುಭ್ರ. ಆ ಕಪ್ಪು ನೀರನ್ನು ಅಡುಗೆಮನೆಯ ಸಿಂಕಿಗೆ ಬಿಡುವುದಿಲ್ಲ. ತೋಟಾ ಕೋಣೆಯಲ್ಲಿ ಕಾಫಿ, ತಿಂಡಿ ಯಾವುದೂ ಇಲ್ಲ. ಬಾಗಿಲಲ್ಲೇ ಬೇರೆ ಚಪ್ಪಲಿ, ಹೊರಬಂದ ಕೂಡಲೇ ಸೋಪು ಹಾಕಿ ಕೈ. ಮನೆಯಲ್ಲಿ ಮಕ್ಕಳಿರುವುದರಿಂದ ವೈದ್ಯರ ಬಳಿ ಹೋದಾಗ ಎಲ್ಲರ ರಕ್ತದ ಸೀಸದ ಪರೀಕ್ಷೆ ಮಾಡಿಸುವ ಅಭ್ಯಾಸ ಇಟ್ಟುಕೊಂಡಿದ್ದೇವೆ.

ತೊಳೆದ ಕೇಸುಗಳು ಪಾರದರ್ಶಕ ಡಬ್ಬಿಗಳಲ್ಲಿ, ಕಂಪನಿಯ ಗುರುತು ನೋಡಿ ಬೇರೆ ಬೇರೆ. ಹೊರಗಿನಿಂದ .308ರಂತೆಯೇ ಕಾಣುವ, ಸೇನೆಯ 7.62 ನೇಟೋ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗಿನ ಜಾಗ ಕಡಿಮೆ. ಅದೇ ಮದ್ದು ಹಾಕಿದರೂ ಒತ್ತಡ ಹೆಚ್ಚು. ಡಬ್ಬಿಯ ಮೇಲೆ ಎಷ್ಟು ಸಲ ಹೊಡೆದದ್ದು ಎಂದೂ ಬರೆದಿರುತ್ತೇನೆ, ಬುಡದ ಬಳಿ ಹೊಳೆಯುವ ಉಂಗುರದಂಥ ಗೆರೆ ಕಂಡ ಕೇಸು ಗುಜರಿಗೆ. .300 ಬ್ಲ್ಯಾಕ್‌ಔಟ್ ತೋಟಾವನ್ನು ಈ ಕೋಣೆಗೆ ಸೇರಿಸಲೇ ಇಲ್ಲ. ನಮ್ಮ ಮನೆಯಲ್ಲಿ .223 ಬಂದೂಕು ಇದೆ; .223 ಕೇಸನ್ನೇ ಕತ್ತರಿಸಿ ಮಾಡಬಹುದಾದ ಆ ತೋಟಾ ಕೆಲವು ಬುಲೆಟ್ಟುಗಳೊಂದಿಗೆ .223 ಬಂದೂಕಿನಲ್ಲಿ ತೋಟಾ ಕೂರುವ ಗೂಡಿಗೂ ಹೋಗಿ ಕೂರುತ್ತದೆ, ಹೊಡೆದರೆ ಬಂದೂಕು ಛಿದ್ರ. ಎರಡನ್ನೂ ಜಾಗರೂಕತೆಯಿಂದ ಇಟ್ಟುಕೊಂಡಿರುವ ಸ್ನೇಹಿತರಿದ್ದಾರೆ. ನಾನು ಆ ಭಾರ ಹೊರಲಾರೆ.

ತುಂಬಿದ ತೋಟಾದ ಪ್ರತಿ ಪೆಟ್ಟಿಗೆಗೂ ಚೀಟಿ: ದಿನಾಂಕ, ಬುಲೆಟ್ಟಿನ ತೂಕ, ಮದ್ದಿನ ಪೂರ್ತಿ ಹೆಸರು ಮತ್ತು ಡಬ್ಬಿಯ ಲಾಟ್ ಸಂಖ್ಯೆ, ಪ್ರೈಮರ್, ಒಟ್ಟು ಉದ್ದ. ಅದೇ ವಿವರ ದಪ್ಪ ರಟ್ಟಿನ ಪುಸ್ತಕದಲ್ಲೂ. ಮದ್ದಿನ ಅಳತೆಯನ್ನು ಮುದ್ರಿತ ಕೈಪಿಡಿಯಿಂದಲೇ ತೆಗೆದುಕೊಳ್ಳುತ್ತೇನೆ, ಕನಿಷ್ಠದಿಂದ ಶುರು ಮಾಡಿ. ಬಾಯಿಮಾತಿನಲ್ಲಿ ಬಂದ ಅಳತೆಗೆ ಪುಸ್ತಕದಲ್ಲಿ ಜಾಗ ಇಲ್ಲ.

ಬಾಗಿಲ ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇದೆ. ಮದ್ದು ತನಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಹೊತ್ತಿರುವುದರಿಂದ ಅದರ ಬೆಂಕಿಯನ್ನು ಗಾಳಿ ತಪ್ಪಿಸಿ ಆರಿಸಲಾಗದು. ಸಿಲಿಂಡರ್ ಇರುವುದು ಕಸದ ಬುಟ್ಟಿಗೋ ವೈರಿಗೋ ಹತ್ತಿದ ಬೆಂಕಿ ಕಪಾಟಿನ ತನಕ ಹೋಗದಿರಲಿ ಎಂದು. ಕಪಾಟಿಗೇ ಹತ್ತಿದರೆ ಎಲ್ಲರೂ ಹೊರಗೋಡಬೇಕು, ಫೋನು ರಸ್ತೆಯಿಂದ ಮಾಡಬೇಕು ಎಂದು ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ಕೋಣೆಗೆ ಬೀಗ, ಕಪಾಟುಗಳಿಗೆ ಬೇರೆ ಬೀಗ, ಬೀಗದ ಕೈ ನನ್ನ ಮತ್ತು ಹೆಂಡತಿಯ ಹತ್ತಿರ ಮಾತ್ರ.

ಹೊಸದಾಗಿ ಶುರು ಮಾಡುವವರು ಯಾವ ಪ್ರೆಸ್ ಕೊಳ್ಳಲಿ ಎಂದು ಕೇಳಿದರೆ, ಪ್ರೆಸ್ಸನ್ನು ಕೊನೆಗೆ ಕೊಳ್ಳಿ ಎನ್ನುತ್ತೇನೆ. ಮೊದಲು ಎರಡು ಕೈಪಿಡಿ, ಆಮೇಲೆ ಒಳ್ಳೆಯ ತಕ್ಕಡಿ ಮತ್ತು ಬಟ್ಟು, ಆಮೇಲೆ ಮರದ ಕಪಾಟು, ಬೀಗ. ಇಷ್ಟಾದ ಮೇಲೆ ಉಳಿದ ದುಡ್ಡಿಗೆ ಬರುವ ಏಕಹಂತದ ಪ್ರೆಸ್, ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಎರಕದ ಗಟ್ಟಿ ಪ್ರೆಸ್ಸುಗಳು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗಿಯೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.